ಪುಲಿಯೋ ಪುಳಿಯೋ: ಕನ್ನಡ–ತಮಿಳು ಅನುವಾದದಲ್ಲಿ ಪ್ರಾಣಿವಾಚಕಗಳು

ಚೆನ್ನೈ ನಗರದ ಉತ್ತರದ ಅಂಚಿನಲ್ಲಿ, ಕೊಸಸ್ಥಲೈಯಾರು ಕಡಲನ್ನು ಕೂಡುವೆಡೆಯಲ್ಲಿ ಎಣ್ಣೂರು ಇದೆ. ರೋಮನ್ ಲಿಪಿಯಲ್ಲಿ ಈ ಹೆಸರನ್ನು ಬರೆದಾಗ ಅದರ ಣಕಾರ ಮರೆಯಾಗುತ್ತದೆ. ಆ ಬರಹವನ್ನಷ್ಟೇ ಕಂಡ ಕನ್ನಡಿಗ ‘ಎನ್ನೋರ್’ ಎಂದು ಬರೆದರೆ, ನಮ್ಮ ಆಡುಮಾತಿನಲ್ಲಿ ಅದು ‘ಎನ್ನುವವರು’ ಎಂದು ಕೇಳಿಸುತ್ತದೆ. ಒಂದು ಊರಿನ ಹೆಸರಿಗೇ ಇಂತಹ ಗತಿಯಾದರೆ ದಿನಬಳಕೆಯ ಮಾತುಗಳ ಪಾಡೇನು? ಪ್ರಾಣಿವಾಚಕ ಪದಗಳಲ್ಲಂತೂ ಈ ತೊಡಕು ನಗೆಯನ್ನೂ ತರುತ್ತದೆ. ಆದರೆ ಈ ಪ್ರಮಾದಗಳು ಬಹುಮಟ್ಟಿಗೆ ಆಕಸ್ಮಿಕವಲ್ಲ. ಇವುಗಳ ಹಿಂದೆ ಗುರುತಿಸಬಹುದಾದ ಕಾರಣಗಳಿವೆ.

ಮೊದಲನೆಯ ಕಾರಣ ಲಿಪಿ. ಎಣ್ಣೂರಿನ ಮೀನುಗಾರರ ಮನೆಗಳಲ್ಲಿ ಮೀನಿನ ಸಾರಿಗೆ ಹಾಕುವುದು ‘ಪುಳಿ’, ಎಂದರೆ ಹುಣಸೆ. ತಮಿಳಿನ ‘ಪುಲಿ’ಯಾದರೋ ಹುಲಿ. ರೋಮನ್ ಲಿಪಿಯ ಸಾಮಾನ್ಯ ಬರವಣಿಗೆಯಲ್ಲಿ ಲಕಾರ ಳಕಾರಗಳಿಗೆ ಭೇದವಿಲ್ಲ. ಅದನ್ನು ನಂಬಿ ಕನ್ನಡಿಸಿದವನ ಕೈಯಲ್ಲಿ ಸಾರಿಗೆ ಹುಣಸೆಯ ಬದಲು ಹುಲಿಯೇ ಬಿದ್ದೀತು! ‘ಪಲ್ಲಿ’ ಮತ್ತು ‘ಪಳ್ಳಿ’ಗಳ ಕಥೆಯೂ ಇದೇ. ತಮಿಳಿನಲ್ಲಿ ಮೊದಲನೆಯದು ಗೋಡೆಯ ಮೇಲಿನದು, ಎರಡನೆಯದು ಶಾಲೆ. ಪಕಾರ ಹಕಾರವಾದ ಕನ್ನಡದಲ್ಲಿಯೂ ಹಲ್ಲಿ, ಹಳ್ಳಿ ಎಂದು ಈ ಜೋಡಿ ಉಳಿದಿದೆ. ಆದರೆ ಹಳ್ಳಿ ನಮಗೆ ಗ್ರಾಮ. ಲಕಾರ ಳಕಾರಗಳ ವಿವೇಚನೆಗೆ ಕೇಶಿರಾಜನು 13ನೆಯ ಶತಮಾನದಲ್ಲಿಯೇ ‘ಶಬ್ದಮಣಿದರ್ಪಣ’ದಲ್ಲಿ ಎಡೆಗೊಟ್ಟದ್ದು ವ್ಯರ್ಥ ಪಾಂಡಿತ್ಯವಲ್ಲ.

ಎರಡನೆಯ ಕಾರಣ ಧ್ವನಿವ್ಯತ್ಯಾಸ. ಇದು ಇನ್ನಷ್ಟು ಸ್ವಾರಸ್ಯಕರವಾದುದು. ಕನ್ನಡದಲ್ಲಿ ‘ಇಲಿ’ ಪ್ರಾಣಿ, ‘ಎಲೆ’ ಗಿಡದ್ದು. ತಮಿಳಿನಲ್ಲಿ ‘ಎಲಿ’ ಪ್ರಾಣಿ, ‘ಇಲೈ’ ಗಿಡದ್ದು. ಎರಡು ಭಾಷೆಗಳೂ ತಮ್ಮ ಮೊದಲ ಸ್ವರಗಳನ್ನು ಅದಲುಬದಲು ಮಾಡಿಕೊಂಡಂತೆ ಕಾಣುತ್ತದೆ. ತಮಿಳು ಅಕ್ಷರಗಳನ್ನು ಕಲಿತ ಕನ್ನಡ ವಿದ್ಯಾರ್ಥಿಗೆ ಊಟದ ಇಲೈ ಇಲಿಯಾಗಿಯೂ ಬಿಲದ ಎಲಿ ಎಲೆಯಾಗಿಯೂ ತೋರುವುದು ಸಹಜ. ವಾಸ್ತವವಾಗಿ ಇಲ್ಲಿ ಎರಡು ನಿಯಮಗಳು ಕೆಲಸಮಾಡಿವೆ. ಮುಂದಿನ ಅಕ್ಷರದಲ್ಲಿ ಇಕಾರ ಉಕಾರಗಳಿದ್ದಾಗ ಮೂಲದ ಎಕಾರ ಒಕಾರಗಳು ಕನ್ನಡದಲ್ಲಿ ಇಕಾರ ಉಕಾರಗಳಾದುವು: ತಮಿಳಿನ ಚೆವಿ, ತೆಳಿ, ಪೊಡಿಗಳಿಗೆ ನಮ್ಮ ಕಿವಿ, ತಿಳಿ, ಪುಡಿಗಳನ್ನು ಹೋಲಿಸಬಹುದು. ಇದಕ್ಕೆ ಬೇರೆಯಾಗಿ, ಗ್ರಾಂಥಿಕ ತಮಿಳಿನ ಇಲೈ, ವಿಲೈ, ಕುಡೈಗಳಿಗೆ ಕನ್ನಡದಲ್ಲಿ ಎಲೆ, ಬೆಲೆ, ಕೊಡೆ ಎಂಬ ರೂಪಗಳಿವೆ. ತಮಿಳರ ಆಡುಮಾತಿನಲ್ಲಿ ‘ಇಲೈ’ ನಮ್ಮ ‘ಎಲೆ’ಗೆ ಹತ್ತಿರವಾಗಿಯೇ ಕೇಳಿಬರುತ್ತದೆ. ಆದುದರಿಂದ ಎಲೆಯ ವಿಷಯದಲ್ಲಿ ಎಡವುವವನು ಕಿವಿಯಿಂದ ಕಲಿತವನಿಗಿಂತ ಹೆಚ್ಚಾಗಿ ಪುಸ್ತಕದಿಂದ ಕಲಿತವನು.

ಮೂರನೆಯದು ಧ್ವನಿ ಒಂದೇ ಆಗಿದ್ದು ಅರ್ಥ ಬೇರೆಯಾದ ಪದಗಳ ಗುಂಪು. ‘ಮಾಡು’ ಎಂಬುದು ಕನ್ನಡದಲ್ಲಿ ಕ್ರಿಯಾಪದ. ಕರಾವಳಿಯಲ್ಲಿ ಮನೆಯ ಛಾವಣಿಯೂ ಹೌದು. ತಮಿಳಿನಲ್ಲಿ ದನ ಅಥವಾ ಎತ್ತು. ‘ಮಾಡಿಗೆ ಹಂಚು ಹೊದಿಸಬೇಕು’ ಎಂದು ಮಂಗಳೂರಿನವನು ಹೇಳಿದರೆ ತಮಿಳು ಕಿವಿಗೆ ಅದು ದನದ ಬೆನ್ನಿಗೆ ಹಂಚು ಹೊದಿಸುವ ವಿಚಿತ್ರ ಕಾರ್ಯವಾದೀತು. ಇಲ್ಲಿಗೆ ನಗೆ ಮುಗಿಯಿತು. ತಿರುಕ್ಕುರಳಿನ 400ನೆಯ ಕುರಳಿನಲ್ಲಿ ಇದೇ ಪದ ಬಂದಿದೆ. ವಿದ್ಯೆಯೊಂದೇ ಅಳಿವಿಲ್ಲದ ಸಂಪತ್ತು, ಉಳಿದವು ಸಂಪತ್ತಲ್ಲ ಎಂಬುದು ಅದರ ಭಾವ. ಅಲ್ಲಿ ‘ಮಾಡು’ ಎಂದರೆ ಸಂಪತ್ತು. ಬಳಕೆಯ ಅರ್ಥವನ್ನು ನೆಚ್ಚಿದ ಅನುವಾದಕ ಅಲ್ಲಿ ದನವನ್ನು ತಂದು ಕಟ್ಟಿದರೆ ಕೆಡುವುದು ಒಂದು ಪದವಲ್ಲ, ಇಡೀ ಕುರಳು. ‘ಮೀನ್’ ಕೂಡ ಹೀಗೆಯೇ: ತಮಿಳಿನಲ್ಲಿ ಅದು ನೀರಿನ ಮೀನೂ ಹೌದು, ಬಾನಿನ ನಕ್ಷತ್ರವೂ ಹೌದು.

ದೂರದ ಭಾಷೆಯಿಂದ ಅನುವಾದಿಸುವವನು ಸಂಶಯದಿಂದ ನಿಘಂಟನ್ನು ತೆರೆಯುತ್ತಾನೆ; ನೆರೆಯ ಭಾಷೆಯಲ್ಲಿ ಆ ಸಂಶಯವೇ ಹುಟ್ಟುವುದಿಲ್ಲ. ಅಪಾಯವಿರುವುದು ಅಲ್ಲಿಯೇ. ಇಂಗ್ಲಿಷಿನ ಮೂಲಕ ಸುತ್ತಿಬರುವ ಅನುವಾದಗಳೂ ರೋಮನ್ ಲಿಪಿಯಲ್ಲಿ ಕನ್ನಡ ಬರೆಯುವ ಇಂದಿನ ರೂಢಿಯೂ ಈ ಅಪಾಯವನ್ನು ಹೆಚ್ಚಿಸಿವೆ. ಪರಿಹಾರದ ಸಾಧನಗಳು ನಮ್ಮಲ್ಲಿಯೇ ಇವೆ. 1894ರ ಕಿಟ್ಟೆಲ್ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದರು. ಮದ್ರಾಸು ವಿಶ್ವವಿದ್ಯಾಲಯ ಅದನ್ನು 1968ರಿಂದ 1971ರವರೆಗೆ ಪ್ರಕಟಿಸಿತು. ಬರೋ ಮತ್ತು ಎಮೆನೋ ಅವರ ದ್ರಾವಿಡ ಜ್ಞಾತಿಪದಕೋಶ 1961ರಲ್ಲಿ ಬಂದು, 1984ರಲ್ಲಿ ಮರುಪರಿಷ್ಕಾರಗೊಂಡಿತು. ಪರಿಚಿತವೆಂದು ತೋರಿದ ಪದಕ್ಕಾಗಿಯೇ ಇವುಗಳನ್ನು ತೆರೆದು ನೋಡುವ ಅಭ್ಯಾಸ ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಯಬೇಕಾಗಿದೆ.