ಡ್ರ್ಯಾಗನ್ ಕೊಂದಾಯ್ತು, ಈಗ ಮನೆ ಜೋಡಿಸೋಣ!

ಸ್ಕೈರಿಮ್ ಆಡಿದವರಿಗೆಲ್ಲ ಒಂದು ಪ್ರಶ್ನೆ. ಗುಹೆ ಗುಹೆ ಅಲೆದು ತಂದ ಒಳ್ಳೇ ಕಠಾರಿಯನ್ನು ಮನೆಯ ಮೇಜಿನ ಮೇಲೆ ಚೆಂದ ಮಾಡಿ ಇಟ್ಟಿರಿ. ಪಕ್ಕದಲ್ಲಿ ಎರಡು ಬಟ್ಟಲು, ಒಂದು ಪುಸ್ತಕ. ಒಂದು ಸುತ್ತು ಹೊರಗೆ ಹೋಗಿ ಬಂದಾಗ ಏನಾಗಿತ್ತು? ಕಠಾರಿ ನೆಲದಲ್ಲಿ, ಬಟ್ಟಲು ಬಾಗಿಲ ಹತ್ತಿರ, ಪುಸ್ತಕ ಬೆಂಕಿಗೂಡಿನ ಪಕ್ಕ. ಬೆಕ್ಕು ಬಂದು ಹೋದ ಹಾಗೆ!

ಬೆಕ್ಕಿನ ತಪ್ಪೇನಿಲ್ಲ. ಗೇಮ್‌ನಲ್ಲಿ ಪ್ರತಿ ವಸ್ತುವಿಗೂ ತೂಕ ಇದೆ, ಬೀಳುವ ಗುಣ ಇದೆ. ನೀವು ಮನೆಯೊಳಗೆ ಬಂದ ಕೂಡಲೇ ಅವೆಲ್ಲ ಹೊಸದಾಗಿ ಲೋಡ್ ಆಗುತ್ತವೆ. ಮೇಜಿನ ಹಲಗೆಯೊಳಕ್ಕೆ ಕೂದಲೆಳೆಯಷ್ಟು ಹೊಕ್ಕು ಕೂತ ವಸ್ತುವನ್ನೂ ಗೇಮ್ ಹೊರಕ್ಕೆ ತಳ್ಳುತ್ತದೆ. ಅದು ಚಿಮ್ಮಿ ಪಕ್ಕದ್ದಕ್ಕೆ ತಾಗಿ, ಪಕ್ಕದ್ದು ಮತ್ತೊಂದಕ್ಕೆ ತಾಗಿ... ಮುಂದಿನದು ನಿಮಗೇ ಗೊತ್ತು.

ಸಣ್ಣ ವಿಷಯ ಅನ್ನಿಸಬಹುದು. ಆದರೆ ಮನೆ ಅಂದರೆ ಏನು ಹೇಳಿ? ಇಟ್ಟದ್ದು ಇಟ್ಟಲ್ಲೇ ಸಿಗುವ ಜಾಗ. ಆ ಭರವಸೆ ಇಲ್ಲದಿದ್ದರೆ ಅದು ಮನೆಯಲ್ಲ, ಲಾಡ್ಜು. ಸ್ಕೈರಿಮ್‌ಗಾಗಿ ಅಭಿಮಾನಿಗಳು ಮಾಡಿದ ಮನೆಯ ಮಾಡ್‌ಗಳ ನಿಜವಾದ ಉಪಕಾರ ಇದೇ. ಅಂದಚೆಂದ ಆಮೇಲಿನ ಮಾತು.

ಕೊಲೆಯಾದವನ ಮನೆಯಿಂದ ಸ್ವಂತ ಮನೆಗೆ

ಇದಕ್ಕೊಂದು ಇತಿಹಾಸವೂ ಇದೆ. ಎಲ್ಡರ್ ಸ್ಕ್ರೋಲ್ಸ್ ಸರಣಿಯ ಮಾರೋವಿಂಡ್ 2002ರಲ್ಲಿ ಬಂತು. ಅದರಲ್ಲಿ ಊರೊಳಗೆ ದುಡ್ಡು ಕೊಟ್ಟು ಕೊಳ್ಳುವ ಮನೆಗಳಿರಲಿಲ್ಲ. ಹಾಗಾಗಿ ಬಾಲ್ಮೋರಾ ಊರಿನಲ್ಲಿ ಕೊಲೆಯಾಗಿ ಬಿದ್ದಿದ್ದ ರಾಲೆನ್ ಹ್ಲಾಲೋ ಎಂಬಾತನ ಮನೆಯಲ್ಲೇ ಎಷ್ಟೋ ಆಟಗಾರರು ಠಿಕಾಣಿ ಹೂಡಿದರು. ಮಾಲೀಕ ಕೇಳಲು ಬರುವ ಹಾಗಿಲ್ಲವಲ್ಲ! ಒಂದು ಅನುಕೂಲ ಇತ್ತು: ಆ ಗೇಮ್‌ನಲ್ಲಿ ವಸ್ತುಗಳಿಗೆ ಉರುಳಾಟ ಬೀಳಾಟ ಇರಲಿಲ್ಲ. ಇಟ್ಟದ್ದು ಇಟ್ಟಲ್ಲೇ.

2006ರ ಆಬ್ಲಿವಿಯನ್‌ನಲ್ಲಿ ಮನೆಗಳು ಮಾರಾಟಕ್ಕೆ ಬಂದವು. ಜೊತೆಗೇ ವಸ್ತುಗಳು ಬೀಳುವ, ಉರುಳುವ ಭೌತಿಕ ಲೆಕ್ಕಾಚಾರವೂ ಬಂತು. ಗೇಮ್ ಹೆಚ್ಚು ನೈಜವಾಯಿತು, ಮನೆಗೆಲಸ ಹೆಚ್ಚು ಕಷ್ಟವಾಯಿತು.

2011ರ ನವೆಂಬರ್ 11ಕ್ಕೆ ಬಂದ ಸ್ಕೈರಿಮ್‌ನಲ್ಲಿ ಐದು ಪಟ್ಟಣಗಳಲ್ಲಿ ಮನೆ ಕೊಳ್ಳಬಹುದು. ವೈಟ್‌ರನ್‌ನ ಬ್ರೀಝ್‌ಹೋಮ್‌ಗೆ 5,000 ಚಿನ್ನದ ನಾಣ್ಯ, ಸಾಲಿಟ್ಯೂಡ್‌ನ ಪ್ರೌಡ್‌ಸ್ಪೈರ್ ಮ್ಯಾನರ್‌ಗೆ 25,000. ಪೀಠೋಪಕರಣಕ್ಕೆ ಬೇರೆ ಲೆಕ್ಕ. ಆದರೆ ದುಡ್ಡು ಕೊಟ್ಟರೂ ಮಂಚ ಎಲ್ಲಿರಬೇಕು ಅಂತ ನಿರ್ಧರಿಸುವವರು ನೀವಲ್ಲ. ಗೇಮ್ ಇಟ್ಟ ಕಡೆ ಅದು.

2012ರಲ್ಲಿ ಹಾರ್ತ್‌ಫೈರ್ ಎಂಬ ವಿಸ್ತರಣೆ ಬಂತು. ತಲಾ 5,000 ನಾಣ್ಯಕ್ಕೆ ಮೂರು ಕಡೆ ನಿವೇಶನ. ಮರ, ಜೇಡಿಮಣ್ಣು, ಮೊಳೆ ಹೊಂದಿಸಿ ನಾವೇ ಮನೆ ಕಟ್ಟಬಹುದು, ಇಬ್ಬರು ಮಕ್ಕಳನ್ನು ದತ್ತು ತಗೊಳ್ಳಬಹುದು. ಮದುವೆಗಂತೂ ಗೇಮ್‌ನಲ್ಲಿ ಮೊದಲಿನಿಂದಲೂ ಅವಕಾಶ ಇತ್ತು. ಅಲ್ಲಿಗೆ 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎರಡೂ ಆಯ್ತು! ಆದರೂ ಕಪಾಟನ್ನು ಎಡಗೋಡೆಯಿಂದ ಬಲಗೋಡೆಗೆ ಸರಿಸುವ ಹಾಗಿಲ್ಲ. ಬ್ರೀಝ್‌ಹೋಮ್‌ನಲ್ಲಿ ಮಕ್ಕಳಿಗೆ ಕೋಣೆ ಬೇಕೆಂದರೆ ಔಷಧ ತಯಾರಿಸುವ ಕೋಣೆಯನ್ನು ಬಿಟ್ಟುಕೊಡಬೇಕು.

ಬಾಡಿಗೆ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಲೂ ಓನರ್ ಮುಖ ನೋಡಬೇಕಾದವರಿಗೆ ಈ ಸಂಕಟ ಹೊಸದಲ್ಲ ಬಿಡಿ.

ಮಾಡ್ ಅಂದ್ರೆ ನಿಮ್ಮದೇ ಮಾಡು

ಮಾಡ್ ಅಂದರೆ ಗೇಮ್ ಕಂಪನಿ ಕೊಟ್ಟದ್ದರ ಮೇಲೆ ಅಭಿಮಾನಿಗಳು ಮಾಡುವ ಮಾರ್ಪಾಡು. ನಮ್ಮ ಕರಾವಳಿ ಕಡೆ ಮನೆಯ ಛಾವಣಿಗೆ 'ಮಾಡು' ಅಂತಾರೆ. ಇಲ್ಲಿ ಎರಡೂ ಅರ್ಥ ಕೂಡಿಬರುತ್ತದೆ! 2012ರ ಫೆಬ್ರವರಿಯಲ್ಲಿ ಬೆಥೆಸ್ಡಾ ಕಂಪನಿ ಕ್ರಿಯೇಷನ್ ಕಿಟ್ ಎಂಬ ಸಾಧನವನ್ನು ಉಚಿತವಾಗಿ ಬಿಟ್ಟಿತು. ಗೇಮ್ ಮಾಡಿದವರು ಕೋಣೆ, ಗೋಡೆ, ದೀಪ ಜೋಡಿಸಿದ ರೀತಿಯಲ್ಲೇ ಯಾರು ಬೇಕಾದರೂ ಜೋಡಿಸುವ ಅವಕಾಶ ಸಿಕ್ಕಿತು.

ಮನೆಗೆ ಸಂಬಂಧಿಸಿದ ಮಾಡ್‌ಗಳನ್ನು ನಾಲ್ಕು ಬಗೆಯಾಗಿ ನೋಡಬಹುದು.

ಒಂದು, ಇರುವ ಮನೆಯ ಒಳಾಂಗಣವನ್ನೇ ಬದಲಿಸುವವು. ಬ್ರೀಝ್‌ಹೋಮ್‌ಗೆ ಇಂಥವು ತುಂಬಾ ಇವೆ. ಕಾರಣ ಸರಳ: ಮನೆ ಅಗ್ಗ, ಊರಬಾಗಿಲಿಗೆ ಹತ್ತಿರ, ಪಕ್ಕದಲ್ಲೇ ಕಮ್ಮಾರಸಾಲೆ. ಆದರೆ ಮಂತ್ರ ತುಂಬುವ ಮೇಜಿಲ್ಲ, ಕವಚ ತೊಡಿಸಿ ನಿಲ್ಲಿಸುವ ಗೊಂಬೆಗಳಿಲ್ಲ. ಆ ಕೊರತೆಯನ್ನು ಮಾಡ್ ತುಂಬುತ್ತದೆ.

ಎರಡು, ಹೊಸದಾಗಿ ಕಟ್ಟಿದ ಮನೆಗಳು. ಕಾಡಿನ ಗುಡಿಸಲಿನಿಂದ ಬೆಟ್ಟದ ಅರಮನೆಯ ತನಕ ಎಲ್ಲವೂ ಉಂಟು.

ಮೂರು, ಪ್ರದರ್ಶನದ ಮಾಡ್‌ಗಳು. ಲೆಗಸಿ ಆಫ್ ದ ಡ್ರ್ಯಾಗನ್‌ಬಾರ್ನ್ ಇದರಲ್ಲಿ ಹೆಸರುವಾಸಿ. ಸಾಲಿಟ್ಯೂಡ್ ಪಟ್ಟಣದಲ್ಲಿ ಒಂದು ಇಡೀ ವಸ್ತುಸಂಗ್ರಹಾಲಯವನ್ನೇ ಕೊಡುತ್ತದೆ. ಇಂಥ ಮಾಡ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಉಪಾಯ ನೋಡಿ: ನೀವು ತಂದ ಖಡ್ಗ ಒಳಗಿನ ಪೆಟ್ಟಿಗೆ ಸೇರುತ್ತದೆ. ಗೋಡೆಯ ಮೇಲೆ ಮೊದಲೇ ಜೋಡಿಸಿ ಮರೆಮಾಡಿದ್ದ ಅದರ ಪ್ರತಿರೂಪ ಕಾಣಿಸಿಕೊಳ್ಳುತ್ತದೆ. ಅದು ಅಲುಗದ ಪ್ರತಿರೂಪವಾದ್ದರಿಂದ ಬೀಳುವ ಪ್ರಶ್ನೆಯೇ ಇಲ್ಲ.

ನಾಲ್ಕು, ನಿಮ್ಮ ಕೈಗೇ ಅಧಿಕಾರ ಕೊಡುವ ಸಾಧನಗಳು. ಜ್ಯಾಕ್ಸನ್ಝ್ ಪೊಸಿಷನರ್ ಎಂಬ ಮಾಡ್ ಹಾಕಿಕೊಂಡರೆ ವಸ್ತುವನ್ನು ಆರಿಸಿ, ಕೀಲಿಗಳಿಂದ ಸ್ವಲ್ಪ ಸ್ವಲ್ಪವೇ ಸರಿಸಬಹುದು, ತಿರುಗಿಸಬಹುದು. ಪಿಸಿಯಲ್ಲಿ ಆಡುವವರು ಮಾಡ್ ಇಲ್ಲದೆಯೂ ಕನ್ಸೋಲ್ ಕಿಟಕಿ ತೆರೆದು ಸೆಟ್‌ಪೊಸ್, ಸೆಟ್‌ಆ್ಯಂಗಲ್ ಆಜ್ಞೆಗಳಿಂದ ಇದನ್ನು ಮಾಡಬಹುದು. ತಾಳ್ಮೆ ಮಾತ್ರ ಜಾಸ್ತಿ ಬೇಕು.

ದೊಡ್ಡದೇ ಒಳ್ಳೆಯದಲ್ಲ

ಹೊಸಬರು ಮೊದಲು ಹುಡುಕುವುದು ಅರಮನೆಯನ್ನು. ಚಿತ್ರ ನೋಡಿದರೆ ಕಣ್ಣು ಕುಕ್ಕುತ್ತದೆ. ಆದರೆ ಅಲ್ಲಿ ವಾಸ ಮಾಡಿ ನೋಡಿ. ಪೆಟ್ಟಿಗೆ ಒಂದು ಮೂಲೆ, ಕುಲುಮೆ ಇನ್ನೊಂದು ಮೂಲೆ, ಔಷಧದ ಮೇಜು ಮೂರನೇ ಮಹಡಿ. ಪ್ರತಿ ಸಲ ಮೂಟೆ ಹೊತ್ತು ಬಂದಾಗ ಓಡಾಟವೇ ಓಡಾಟ. ಮೇಲಾಗಿ ನೂರಾರು ಮೇಣದಬತ್ತಿ, ಸಾವಿರಾರು ವಸ್ತು ಇರುವ ಕೋಣೆಯಲ್ಲಿ ಹಳೇ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದದ್ದು 'ಯಾವ ಮನೆ ಚೆಂದ' ಅಂತಲ್ಲ, 'ನನ್ನ ಪಾತ್ರ ಮನೆಗೆ ಬಂದು ಏನು ಮಾಡುತ್ತದೆ' ಅಂತ. ಬೇಟೆಗಾರನಿಗೆ ಚರ್ಮ ಹದಮಾಡುವ ಚೌಕಟ್ಟು ಬಾಗಿಲ ಹತ್ತಿರ ಇರಲಿ. ಮಂತ್ರವಾದಿಗೆ ಪುಸ್ತಕದ ಕಪಾಟು, ಅದರ ಎದುರಿಗೆ ಒಂದು ಕುರ್ಚಿ. ಹೆಂಡತಿ ಮಕ್ಕಳಿರುವ ಪಾತ್ರವಾದರೆ ಮಕ್ಕಳ ಮಂಚವನ್ನು ಗೇಮ್ ಗುರುತಿಸುವ ಹಾಗೆ ಮಾಡಿದ ಮನೆಯೇ ಬೇಕು. ಇಲ್ಲದಿದ್ದರೆ ಮಕ್ಕಳು ಆ ಮನೆಗೆ ಬರುವುದೇ ಇಲ್ಲ.

ಮನೆಯ ಮಂಚಕ್ಕೆ ಲಾಭವೂ ಇದೆ ಅನ್ನಿ. ಸ್ವಂತ ಹಾಸಿಗೆಯಲ್ಲಿ ಮಲಗಿ ಎದ್ದರೆ ಗೇಮ್‌ನ ಎಂಟು ಗಂಟೆ ಕಾಲ ಕೌಶಲಗಳು ಶೇ 10ರಷ್ಟು ಬೇಗ ಬೆಳೆಯುತ್ತವೆ. ನಿದ್ದೆಗೆ ಬೆಲೆ ಕೊಡುವ ಗೇಮ್!

ಹಾಕುವ ಮುನ್ನ ಇಷ್ಟು ಮಾಡಿ

* ಪೆಟ್ಟಿಗೆ ಖಾಲಿ ಮಾಡಿ. ಒಳಾಂಗಣ ಬದಲಿಸುವ ಮಾಡ್ ಹಳೆಯ ಪೆಟ್ಟಿಗೆಯನ್ನು ತೆಗೆದುಹಾಕಿದರೆ ಒಳಗಿದ್ದದ್ದೂ ಹೋದಂತೆಯೇ. ಎಲ್ಲವನ್ನೂ ಬೇರೆ ಮನೆಗೆ ಸಾಗಿಸಿ, ಮನೆಯಿಂದ ಹೊರಗೆ ನಿಂತು ಹೊಸ ಸೇವ್ ಮಾಡಿಕೊಳ್ಳಿ.

* ಒಂದು ಮನೆಗೆ ಒಂದೇ ಮಾಡ್. ಒಂದೇ ಕೋಣೆಯನ್ನು ಬದಲಿಸುವ ಎರಡು ಮಾಡ್ ಹಾಕಿದರೆ ಮಂಚದೊಳಗೆ ಕಂಬ, ಗೋಡೆಯೊಳಗೆ ಒಲೆ ಕಾಣಿಸುತ್ತದೆ.

* ವಿವರಣೆ ಪೂರ್ತಿ ಓದಿ. ಬೇರೆ ಯಾವ ಮಾಡ್ ಮೊದಲು ಬೇಕು, ನಿಮ್ಮ ಗೇಮ್ ಆವೃತ್ತಿಗೆ ಹೊಂದುತ್ತದಾ ನೋಡಿ. 2021ರ ನವೆಂಬರ್‌ನಲ್ಲಿ ಆನಿವರ್ಸರಿ ಎಡಿಷನ್ ಜೊತೆ ಬಂದ ಅಪ್‌ಡೇಟ್‌ನಿಂದ ಸ್ಕ್ರಿಪ್ಟ್ ಎಕ್ಸ್‌ಟೆಂಡರ್ ನೆಚ್ಚಿಕೊಂಡಿದ್ದ ಎಷ್ಟೋ ಮಾಡ್‌ಗಳು ಒಮ್ಮೆಲೇ ನಿಂತವು.

* ಮ್ಯಾನೇಜರ್ ಬಳಸಿ. ಪಿಸಿಯಲ್ಲಿ ಮಾಡ್ ಆರ್ಗನೈಸರ್ 2 ಅಥವಾ ವೋರ್ಟೆಕ್ಸ್ ಇದ್ದರೆ ಯಾವುದು ಹಾಕಿದ್ದೇವೆ, ಯಾವುದು ಯಾವುದರ ಮೇಲೆ ಕೂತಿದೆ ಅಂತ ಗೊತ್ತಾಗುತ್ತದೆ. ಫೈಲ್‌ಗಳನ್ನು ಕೈಯಾರೆ ಗೇಮ್ ಫೋಲ್ಡರ್‌ಗೆ ಸುರಿಯಬೇಡಿ.

* ನಡುವೆ ಕೀಳಬೇಡಿ. ಮಾಡ್‌ನ ಸ್ಕ್ರಿಪ್ಟ್‌ಗಳ ಸ್ಥಿತಿ ನಿಮ್ಮ ಸೇವ್ ಫೈಲ್‌ನೊಳಗೆ ಸೇರಿಕೊಂಡಿರುತ್ತದೆ. ನೂರು ಗಂಟೆ ಆಡಿದ ಮೇಲೆ ಬೇಡವೆಂದು ಕಿತ್ತರೆ ಆ ನೂರು ಗಂಟೆಯೇ ಕೈಬಿಟ್ಟು ಹೋಗಬಹುದು.

* ಭದ್ರತೆ ಪರೀಕ್ಷಿಸಿ. ಸ್ಕೈರಿಮ್‌ನಲ್ಲಿ ಎಷ್ಟೋ ಜಾಗಗಳು ಗೇಮ್‌ನ ಕೆಲವು ದಿನಗಳಿಗೊಮ್ಮೆ ಮೊದಲಿನ ಸ್ಥಿತಿಗೆ ಮರಳುತ್ತವೆ. ಮನೆಗಳನ್ನು ಹಾಗಾಗದಂತೆ ಗುರುತು ಮಾಡಿರಬೇಕು. ಮಾಡ್ ಮಾಡಿದವರು ಅದನ್ನು ಮರೆತಿದ್ದರೆ ನಿಮ್ಮ ಗಂಟು ಮಾಯ! ಒಂದೆರಡು ಅಗ್ಗದ ವಸ್ತು ಪೆಟ್ಟಿಗೆಗೆ ಹಾಕಿ, ದೂರ ಹೋಗಿ, ಗೇಮ್‌ನ 31 ದಿನ ಕಳೆದು ಬಂದು ನೋಡಿ. ಇದ್ದರೆ ಧೈರ್ಯವಾಗಿ ಇಡಿ.

ಪಿಎಸ್4ನಲ್ಲಿ ಆಡುವವರಿಗೆ ಆಯ್ಕೆ ಕಡಿಮೆ. ಅಲ್ಲಿ ಮಾಡ್‌ಗಳಿಗೆ ಸಿಕ್ಕಿದ್ದು 1 ಜಿಬಿ ಜಾಗ, ಅದೂ ಗೇಮ್‌ನಲ್ಲಿ ಈಗಾಗಲೇ ಇರುವ ವಸ್ತುಗಳನ್ನೇ ಬಳಸಿ ಮಾಡಿದವಕ್ಕೆ ಮಾತ್ರ. ಎಕ್ಸ್‌ಬಾಕ್ಸ್ ಒನ್‌ನಲ್ಲಿ 5 ಜಿಬಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ಲಿಡಿಯಾ ಯಾಕೆ ಬಾಗಿಲಲ್ಲೇ ನಿಲ್ತಾಳೆ?

ಕೈಯಾರೆ ಜೋಡಿಸುವವರಿಗೆ ಒಂದು ಕಿವಿಮಾತು. ಗೇಮ್‌ನ ಪಾತ್ರಗಳು ನಮ್ಮ ಹಾಗೆ ಕಣ್ಣಿಂದ ನೋಡಿ ನಡೆಯುವುದಿಲ್ಲ. ನೆಲದ ಮೇಲೆ ಕಾಣದ ಒಂದು ನಕ್ಷೆ ಹಾಸಿರುತ್ತದೆ, ಅದಕ್ಕೆ ನ್ಯಾವ್‌ಮೆಶ್ ಅಂತ ಹೆಸರು. ಪಾತ್ರಗಳು ದಾರಿ ಹುಡುಕುವುದು ಅದರ ಮೇಲೆ. ಮನೆ ವಿನ್ಯಾಸ ಮಾಡಿದವರು ಮೇಜು ಇಟ್ಟಲ್ಲಿ ಆ ನಕ್ಷೆಯನ್ನು ಕತ್ತರಿಸಿರುತ್ತಾರೆ. ನೀವು ಆಟದ ನಡುವೆ ಒಂದು ದೊಡ್ಡ ಪೀಪಾಯಿ ತಂದಿಟ್ಟರೆ ನಕ್ಷೆಗೆ ಅದು ಗೊತ್ತಾಗುವುದಿಲ್ಲ. ಪಾಪ ಲಿಡಿಯಾ, ಮೊದಲೇ ಬಾಗಿಲಿಗೆ ಅಡ್ಡ ನಿಲ್ಲುವುದರಲ್ಲಿ ಎತ್ತಿದ ಕೈ, ಈಗ ಪೀಪಾಯಿಗೆ ಮುಖ ಒತ್ತಿ ನಡೆಯುತ್ತಲೇ ಇರುತ್ತಾಳೆ.

ಪರಿಹಾರ ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದದ್ದೇ: ನಡುಮನೆ ಖಾಲಿ ಬಿಡಿ, ಸಾಮಾನು ಗೋಡೆಗೆ ಒತ್ತಿ ಇಡಿ. ಚಿಕ್ಕ ವಸ್ತುಗಳ ನಡುವೆ ಬೆರಳು ಹೋಗುವಷ್ಟು ಸಂದು ಇರಲಿ. ಹಲಗೆಗಿಂತ ಎಳ್ಳಷ್ಟು ಮೇಲೆ ಇಟ್ಟರೆ ತಾನಾಗಿ ಇಳಿದು ಕೂರುತ್ತದೆ, ಒಳಗೆ ಹೊಕ್ಕಿದ್ದರೆ ಚಿಮ್ಮುತ್ತದೆ.

ಬಿಟ್ಟಿ ಸಿಕ್ಕಿದ್ದಕ್ಕೂ ಬೆವರಿದೆ

2015ರ ಏಪ್ರಿಲ್‌ನಲ್ಲಿ ಸ್ಟೀಮ್‌ನಲ್ಲಿ ಸ್ಕೈರಿಮ್ ಮಾಡ್‌ಗಳನ್ನು ದುಡ್ಡಿಗೆ ಮಾರುವ ಪ್ರಯತ್ನ ನಡೆಯಿತು. ಆಟಗಾರರು ಎಷ್ಟು ಗಲಾಟೆ ಎಬ್ಬಿಸಿದರೆಂದರೆ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡರು. ಆಮೇಲೆ 2017ರಲ್ಲಿ ಕ್ರಿಯೇಷನ್ ಕ್ಲಬ್ ಬಂತು, 2023ರ ಕೊನೆಗೆ ಉಚಿತದ್ದೂ ದುಡ್ಡಿನದೂ ಒಂದೇ ಕಡೆ ಸಿಗುವ ಕ್ರಿಯೇಷನ್ಸ್ ವ್ಯವಸ್ಥೆ ಬಂತು. ಇಷ್ಟಾದರೂ ಉಚಿತವಾಗಿ ಸಿಗುವ ಮನೆಗಳಿಗೆ ಈಗಲೂ ಬರವಿಲ್ಲ.

ಒಂದು ಕೋಣೆಗೆ ಬೆಳಕು ಹೊಂದಿಸಲು, ನಕ್ಷೆ ಕತ್ತರಿಸಲು, ಪ್ರತಿ ತಟ್ಟೆಯನ್ನೂ ಅಲುಗದಂತೆ ಕೂರಿಸಲು ಯಾರೋ ರಾತ್ರಿಗಟ್ಟಲೆ ಕೂತಿರುತ್ತಾರೆ. ಎಲ್ಲೋ ಇರುವ ಆ ಅಪರಿಚಿತರು ನಿಮ್ಮ ಮನೆಯ ನಿಜವಾದ ಮೇಸ್ತ್ರಿಗಳು. ಇಷ್ಟವಾದರೆ ನಾಲ್ಕು ಒಳ್ಳೆ ಮಾತು ಬರೆಯಿರಿ. ದೋಷ ಕಂಡರೆ ಬೈಯದೆ, ಎಲ್ಲಿ ಹೇಗೆ ಆಯಿತೆಂದು ತಿಳಿಸಿ. ಅವರ ಕೆಲಸವನ್ನು ಅನುಮತಿ ಇಲ್ಲದೆ ಬೇರೆ ಕಡೆ ಹಾಕಬೇಡಿ.

ಈ ವಾರಾಂತ್ಯ ಶುರು ಮಾಡುವುದಾದರೆ ಇಡೀ ಮನೆಗೆ ಕೈ ಹಾಕಬೇಡಿ. ಒಂದು ಕೋಣೆ ಸಾಕು: ಒಂದು ಪೆಟ್ಟಿಗೆ, ಒಂದು ಮಂಚ, ನಿಮ್ಮ ಪಯಣದ ನೆನಪಿಗೆ ಮೂರು ವಸ್ತು. ಒಂದು ವಾರ ಅಲ್ಲಿ ಬದುಕಿ. ಯಾವುದಕ್ಕೆ ಕೈ ತಾನಾಗಿ ಹೋಗುತ್ತದೋ ಅದನ್ನು ಹತ್ತಿರ ಇಡಿ, ಯಾವುದನ್ನು ಮುಟ್ಟಲೇ ಇಲ್ಲವೋ ಅದನ್ನು ತೆಗೆಯಿರಿ. ಕತ್ತಲಲ್ಲೂ ತಡಕಾಡದೆ ನಡೆಯುವಷ್ಟು ರೂಢಿಯಾದ ದಿನ ಅದು ನಿಮ್ಮ ಮನೆ.

ನಿಮ್ಮ ಸ್ಕೈರಿಮ್ ಮನೆಯಲ್ಲಿ ಯಾವ ವಸ್ತುವಿಗೆ ಮೊದಲ ಜಾಗ? ಯಾಕೆ? ಓದುಗರ ಅಂಕಣಕ್ಕೆ ಬರೆಯಿರಿ.