ಮಗ್ಗ ಬಿಚ್ಚದೆ ಹಾಸು ಬದಲಿಸುವುದು

ಗಜೇಂದ್ರಗಡದ ಕೈಮಗ್ಗದಲ್ಲಿ ಹಾಸು ಮುಗಿಯುತ್ತ ಬಂದಾಗ ನೇಕಾರನು ಅದರ ಕೊನೆಯನ್ನು ಹಣಿಗೆಯಿಂದ ಕಿತ್ತು ತೆಗೆಯುವುದಿಲ್ಲ. ಉಳಿದ ಒಂದೊಂದು ಹಳೆಯ ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳ ತುದಿಯಲ್ಲಿ ಹೊಸೆದು ಕೂಡಿಸಿ, ಹಳೆಯದರ ಬೆನ್ನು ಹಿಡಿದೇ ಹೊಸದು ಹಣಿಗೆಯ ಸಂದುಗಳಲ್ಲಿ ನುಸುಳಿ ಬರುವಂತೆ ಮಾಡುತ್ತಾನೆ. ಈ ತಾಳ್ಮೆಯನ್ನು ಬಲ್ಲ ಸೀಮೆಯವರಿಗೆ ಫೈರ್‌ಫಾಕ್ಸ್ ಬ್ರೌಸರು ತನ್ನ ಮುಖವನ್ನು ಬದಲಿಸಿಕೊಂಡ ಬಗೆಯನ್ನು ತಿಳಿಸುವುದು ಕಷ್ಟವಾಗಲಾರದು.

ರೋಣದಲ್ಲಿಯೋ ನರಗುಂದದಲ್ಲಿಯೋ ರೈತನೊಬ್ಬನು ಹೊಲದ ಉತಾರವನ್ನು ನೋಡಲು ಬ್ರೌಸರನ್ನು ತೆರೆದನೆನ್ನಿ. ಪುಟವೇನೋ ಸರ್ಕಾರದ ಜಾಲತಾಣದಿಂದ ಬಂದುದು. ಆದರೆ ಸುತ್ತಲಿನ ವಿಳಾಸಪಟ್ಟಿ, ಹಿಂದಕ್ಕೆ ಮರಳುವ ಗುಂಡಿ, ಆಯ್ಕೆಗಳ ಸಾಲು, ಇವು ಬ್ರೌಸರಿನ ಸ್ವಂತದವು, ಇವುಗಳಿಗೂ ಒಂದು ಭಾಷೆ ಬೇಕು. 1998ರಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಮೂಲಸಂಕೇತವನ್ನು ಲೋಕಕ್ಕೆ ತೆರೆದಿಟ್ಟು ಮುಂದೆ ಫೈರ್‌ಫಾಕ್ಸ್ ಬೆಳೆದು ಬಂದ ಮೊಜಿಲ್ಲಾ ಯೋಜನೆ ಮೊದಲಾದಾಗ, ಜಾಲಪುಟಗಳ ಭಾಷೆಯಾದ ಎಚ್‌ಟಿಎಂಎಲ್ ಬರಹ ಚಿತ್ರಗಳಿಗೆ ಸಾಕಾಗುತ್ತಿತ್ತೇ ಹೊರತು, ಕಿಟಕಿಯೊಡನೆ ಹಿಗ್ಗಿ ಕುಗ್ಗುವ ಗುಂಡಿಗಳನ್ನು ಕಟ್ಟಿಕೊಡಲು ಸಮರ್ಥವಾಗಿರಲಿಲ್ಲ. ಆದುದರಿಂದ ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಿಗೆಲ್ಲ ಸಲ್ಲುವ ‘ಝೂಲ್’ ಎಂಬ ಭಾಷೆಯನ್ನೂ, ಹೊಸ ಅಂಗಗಳನ್ನು ನಿರ್ಮಿಸಲು ‘ಎಕ್ಸ್‌ಬಿಎಲ್’ ಎಂಬುದನ್ನೂ ಮೊಜಿಲ್ಲಾದವರು ಸೃಷ್ಟಿಸಿದರು.

ಝೂಲನ್ನು ಹಳಿಯುವವರ ಮಾತಿಗೆ ನನ್ನ ಸಮ್ಮತಿಯಿಲ್ಲ. ಪೆಟ್ಟಿಗೆಗಳನ್ನು ಸಾಲಾಗಿಟ್ಟು ಮಿಕ್ಕ ಸ್ಥಳವನ್ನು ಅವುಗಳಿಗೆ ಹಂಚುವ ಅದರ ಉಪಾಯವೇ ಮುಂದೆ ಜಾಲಪುಟಗಳ ರೂಪವನ್ನು ನಿರೂಪಿಸುವ ಸಿಎಸ್‌ಎಸ್‌ನ ಫ್ಲೆಕ್ಸ್‌ಬಾಕ್ಸ್‌ಗೆ ಮೂಲವಾಗಿ, ಎಲ್ಲ ಬ್ರೌಸರುಗಳ ಸಾಮಾನ್ಯ ಸ್ವತ್ತಾಯಿತು. ತೊಡಕು ಬೇರೆಯದು: ಲೋಕವೆಲ್ಲ ಎಚ್‌ಟಿಎಂಎಲ್ ಅನ್ನು ಬೆಳೆಸುತ್ತಿರಲು ಝೂಲ್ ಒಂದೇ ಮನೆಯ ಭಾಷೆಯಾಗಿ ಉಳಿದುದರಿಂದ ಎರಡನ್ನೂ ಸಾಕುವ ಭಾರ ಮೊಜಿಲ್ಲಾದ ಮೇಲೆ ಬಿದ್ದಿತು; ಹೊರಗಿನವರು ಬರೆದು ಬ್ರೌಸರಿಗೆ ಸೇರಿಸುವ ಆಡ್‌ಆನ್‌ಗಳು ಬ್ರೌಸರಿನ ಕರುಳಿಗೇ ಕೈಯಿಕ್ಕಬಲ್ಲವಾಗಿದ್ದುದರಿಂದ ಒಳಗಿನ ಒಂದು ಮೊಳೆಯನ್ನು ಕದಲಿಸಿದರೂ ಎಲ್ಲಿಯೋ ಒಂದು ಆಡ್‌ಆನ್ ಕೆಡುತ್ತಿತ್ತು.

2017ರ ನವೆಂಬರ್ 14ರಂದು ಬಂದ ಫೈರ್‌ಫಾಕ್ಸ್‌ನ 57ನೆಯ ಆವೃತ್ತಿ ಅಂಥ ಆಡ್‌ಆನ್‌ಗಳಿಗೆ ಬಾಗಿಲು ಮುಚ್ಚಿತು. ಹಲವರು ನೊಂದರು, ನೋಯದಿರುವುದು ಹೇಗೆ? ಹೊಸೆಯುವ ಕೆಲಸ ಬಿರುಸಾದುದು ಅನಂತರ. ಎಕ್ಸ್‌ಬಿಎಲ್‌ನ ನೂರಾರು ಜೋಡಣೆಗಳನ್ನು ಒಂದೊಂದಾಗಿ ಬಿಡಿಸಿ, ಅವುಗಳ ಸ್ಥಾನದಲ್ಲಿ ಜಾಲದ ಸಾಮಾನ್ಯ ರೀತಿಯ ಘಟಕಗಳನ್ನು ಕೂಡಿಸುತ್ತ 2019ರ ಕೊನೆಯ ಹೊತ್ತಿಗೆ ಮುಗಿಸಿದರು. ಈ ನಡುವೆ ಬ್ರೌಸರು ಒಂದು ದಿನವೂ ನಿಲ್ಲಲಿಲ್ಲ. ಇದರ ಜೊತೆಗೆ ಅನುವಾದದ ಪದ್ಧತಿಯೂ ಬದಲಾಗಿ ಕನ್ನಡದ ಅನುವಾದಕರಿಗಂತೂ ಉಪಕಾರವೇ ಆಯಿತು: ಹಳೆಯ ಪದ್ಧತಿಯಲ್ಲಿ ಅನುವಾದದ ಒಂದು ಸಾಲು ತಪ್ಪಿದರೆ ಕಿಟಕಿಯೇ ಮಾಯವಾಗಿ ಹಳದಿಯ ದೋಷಪುಟ ಕಾಣುತ್ತಿದ್ದರೆ, ‘ಫ್ಲೂಯೆಂಟ್’ ಎಂಬ ಹೊಸ ಪದ್ಧತಿಯಲ್ಲಿ ಆ ಒಂದು ಸಾಲು ಮಾತ್ರ ಇಂಗ್ಲಿಷಿನಲ್ಲಿ ತೋರಿ ಉಳಿದುದೆಲ್ಲ ಕನ್ನಡವಾಗಿಯೇ ನಿಲ್ಲುತ್ತದೆ.

ಮುಖ್ಯ ಕಿಟಕಿಯ ಕಡತ 2019ರಲ್ಲಿಯೇ ತನ್ನ ಹೆಸರಿನ ಬಾಲದಿಂದ ಝೂಲನ್ನು ಕಳಚಿಕೊಂಡಿತಾದರೂ, ಅದನ್ನು ತೆರೆದು ನೋಡಿದರೆ ಝೂಲಿನ ಕೆಲವು ಅಂಗಗಳು ಒಳಗೆ ಇಂದಿಗೂ ದುಡಿಯುತ್ತಿವೆ.