ಒಂದು ಬೀಗದ ಕೈಯೊಳಗೆ ಮೂರು ಬೀಗದ ಕೈ

ಗೃಹಿಣಿಯ ಸೊಂಟದಲ್ಲಿ ಗೊಂಚಲಾಗಿ ತೂಗಾಡುತ್ತಿದ್ದ ಕಾಲದ ಬೀಗದ ಕೈಗೆ ಒಂದು ಸರಳ ಗುಣವಿದ್ದಿತು. ಹಲ್ಲು ಸವೆದಿದ್ದರೆ ಕಣ್ಣಿಗೇ ಕಾಣುತ್ತಿತ್ತು. ಬೀಗಕ್ಕೆ ತುಕ್ಕು ಹಿಡಿದಿದ್ದರೆ ಕೈಗೇ ತಿಳಿಯುತ್ತಿತ್ತು. ನಾಲ್ಕು ಹನಿ ಎಣ್ಣೆಯಿಂದ ಅರ್ಧ ತೊಂದರೆ ನೀಗುತ್ತಿತ್ತು. ಇಂದಿನ ಕಾರಿನ ಬೀಗದ ಕೈ ಹಾಗಲ್ಲ. ಅದು ಅಂಗೈಯಲ್ಲಿ ಅಡಗುವ ಪ್ಲಾಸ್ಟಿಕ್ಕಿನ ಡಬ್ಬಿ. ಗುಂಡಿ ಒತ್ತಿದರೆ ದೀಪ ಮಿನುಗಿ ನಾಲ್ಕೂ ಬಾಗಿಲುಗಳು ಒಮ್ಮೆಲೇ ತೆರೆದುಕೊಳ್ಳುತ್ತವೆ. ಆದರೆ ಒಂದು ದಿನ ಅದು ಮೌನ ತಾಳಿತೆಂದರೆ ಕಾರಣ ಹೊರಗೆ ಕಾಣುವುದಿಲ್ಲ. ಮದುವೆಗೆ ಹೊರಟು ನಿಂತ ಸಂಸಾರ ಬೀದಿಯಲ್ಲೇ ತಬ್ಬಿಬ್ಬಾಗುತ್ತದೆ. ಒಬ್ಬರು ಮೆಕ್ಯಾನಿಕ್ಕಿಗೆ ಫೋನು ಮಾಡೋಣವೆನ್ನುತ್ತಾರೆ. ಇನ್ನೊಬ್ಬರು ಹೊಸ ರಿಮೋಟಿಗೆ ಸಾವಿರಾರು ರೂಪಾಯಿ ತೆರಲು ಸಿದ್ಧರಾಗುತ್ತಾರೆ.

ಇಷ್ಟು ಗಾಬರಿಗೆ ಕಾರಣವಿಲ್ಲ. ಆ ಪುಟ್ಟ ಡಬ್ಬಿಯಲ್ಲಿರುವುದು ಒಂದು ಬೀಗದ ಕೈಯಲ್ಲ, ಮೂರು. ಮೂರೂ ಬೇರೆ ಬೇರೆ ರೀತಿಯಲ್ಲಿ ಕೆಲಸಮಾಡುತ್ತವೆ. ಒಂದು ಕೆಟ್ಟರೆ ಉಳಿದೆರಡು ಕೆಡಬೇಕೆಂಬ ನಿಯಮವಿಲ್ಲ. ಮುನಿಸಿಕೊಂಡಿರುವುದು ಯಾವುದೆಂಬುದನ್ನು ಅರಿತರೆ ಅರ್ಧ ರಿಪೇರಿ ಆದಂತೆಯೇ.

ಹಿನ್ನೆಲೆ

ವಿದ್ಯುತ್ತಿನಿಂದ ಬಾಗಿಲಿಗೆ ಬೀಗ ಹಾಕುವ ಯತ್ನ ಹೊಸದೇನಲ್ಲ. ಅಮೆರಿಕದ ಸ್ಕ್ರಿಪ್ಸ್-ಬೂತ್ ಎಂಬ ಕಾರಿನಲ್ಲಿ 1914ರಲ್ಲಿಯೇ ಅದು ಕಾಣಿಸಿಕೊಂಡಿತ್ತು. ಆದರೆ ಅದಕ್ಕೆ ಮತ್ತೆ ಜೀವ ಬಂದದ್ದು 1956ರಲ್ಲಿ, ಪ್ಯಾಕಾರ್ಡ್ ಕಾರುಗಳ ಮೂಲಕ. ದೂರದಿಂದಲೇ ಬಾಗಿಲು ತೆರೆಯುವ ರಿಮೋಟು ಫ್ರಾನ್ಸಿನ ರೆನೋ ಫ್ಯೂಗೊ ಕಾರಿನೊಡನೆ 1982ರಲ್ಲಿ ಬಂದಿತು. ಅದನ್ನು ರೂಪಿಸಿದವರು ಪಾಲ್ ಲಿಪ್‌ಶುಟ್ಸ್. ಅವರ ಹೆಸರನ್ನೇ ಮೊಟಕುಗೊಳಿಸಿ ಫ್ರೆಂಚರು ಇಂದಿಗೂ ಕಾರಿನ ರಿಮೋಟನ್ನು ‘ಪ್ಲಿಪ್’ ಎನ್ನುತ್ತಾರೆ. ಆಗಿನದು ಟೆಲಿವಿಷನ್ ರಿಮೋಟಿನಂತೆ ಅವಗೆಂಪು ಕಿರಣದಿಂದ ನಡೆಯುತ್ತಿತ್ತು. ಮುಂದೆ ಆ ಸ್ಥಾನವನ್ನು ರೇಡಿಯೋ ತರಂಗ ಆಕ್ರಮಿಸಿತು. ಆದುದರಿಂದ ಮೊಬೈಲ್ ಫೋನಿನ ಕ್ಯಾಮೆರಾದ ಮುಂದೆ ರಿಮೋಟಿನ ಗುಂಡಿ ಒತ್ತಿ ಬೆಳಕು ಕಾಣುವುದೇ ಎಂದು ನೋಡುವ ಪರೀಕ್ಷೆ ಟೆಲಿವಿಷನ್ನಿಗೆ ಸರಿ. ಇಂದಿನ ಕಾರಿಗೆ ನಿಷ್ಪ್ರಯೋಜಕ.

ಮೂರು ಬೀಗದ ಕೈಗಳು

ಮೊದಲನೆಯದು ಲೋಹದ ಅಲಗು. ಕೆಲವು ರಿಮೋಟುಗಳಲ್ಲಿ ಅದು ಮಡಿಚಿಕೊಂಡಿರುತ್ತದೆ. ಗುಂಡಿ ಒತ್ತಿ ಎಂಜಿನ್ ಚಾಲೂ ಮಾಡುವ ಕಾರುಗಳಲ್ಲಿ ಅದು ರಿಮೋಟಿನ ಒಡಲಲ್ಲೇ ಅಡಗಿದ್ದು, ಸಣ್ಣ ಕೊಕ್ಕೆಯನ್ನು ಸರಿಸಿದರೆ ಹೊರಬರುತ್ತದೆ. ಇದಕ್ಕೆ ವಿದ್ಯುತ್ತಿನ ಹಂಗಿಲ್ಲ.

ಎರಡನೆಯದು ರೇಡಿಯೋ. ಗುಂಡಿ ಒತ್ತಿದಾಗ ಒಂದು ಗುಪ್ತ ಸಂಖ್ಯೆಯನ್ನು ಗಾಳಿಯಲ್ಲಿ ತೇಲಿಬಿಡುವುದು ಇದೇ. ಭಾರತದಲ್ಲಿಯೂ ಯೂರೋಪಿನಲ್ಲಿಯೂ ಇದು ಬಹುಮಟ್ಟಿಗೆ 433.92 ಮೆಗಾಹರ್ಟ್ಸ್ ಆವರ್ತದಲ್ಲಿ ಮಾತಾಡುತ್ತದೆ. ಅಮೆರಿಕ, ಜಪಾನುಗಳಲ್ಲಿ 315ರಲ್ಲಿ. ಬಾಗಿಲು ತೆರೆಯುವುದು, ಹಾಕುವುದು ಇದರ ಕೆಲಸ. ಸೆಲ್ಲಿನ ಹಂಗು ಇದಕ್ಕೆ ಮಾತ್ರ.

ಮೂರನೆಯದು ಕಣ್ಣಿಗೆ ಬೀಳದ ಚಿಪ್ಪು. ಎಂಜಿನ್ನಿಗೆ ಅಪ್ಪಣೆ ಕೊಡುವುದು ಇದು. ಸ್ಟೀರಿಂಗಿನ ಬಳಿಯ ತಂತಿಸುರುಳಿಯಿಂದ ಹೊಮ್ಮುವ ಶಕ್ತಿಯನ್ನೇ ಹೀರಿ, ಕೆಲವು ಸೆಂಟಿಮೀಟರುಗಳ ಅಂತರದಲ್ಲಿ ‘ನಾನೇ ಒಡೆಯನ ಕೈ’ ಎಂದು ಉತ್ತರಿಸುತ್ತದೆ. ಇದಕ್ಕೆ ಸ್ವಂತ ಸೆಲ್ಲು ಬೇಡ.

ಈ ವಿಂಗಡಣೆ ಮನಸ್ಸಿನಲ್ಲಿದ್ದರೆ ಒಂದು ಮುಖ್ಯ ವಿಷಯ ತಾನಾಗಿ ಹೊಳೆಯುತ್ತದೆ: ಸೆಲ್ಲು ಪೂರ್ತಿ ಸತ್ತಿದ್ದರೂ ಬಾಗಿಲನ್ನು ತೆರೆಯಬಹುದು, ಎಂಜಿನ್ನನ್ನೂ ಚಾಲೂ ಮಾಡಬಹುದು. ಲೋಹದ ಅಲಗಿನಿಂದ ಚಾಲಕನ ಬಾಗಿಲು ತೆರೆದು, ರಿಮೋಟನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದು ಎಂದಿನಂತೆ ಒತ್ತಿದರೆ ಅನೇಕ ಕಾರುಗಳಲ್ಲಿ ಸಾಕು. ಕೆಲವು ಕಾರುಗಳಲ್ಲಿ ಇದಕ್ಕಾಗಿ ಬೇರೆಯೇ ಒಂದು ತಾಣವಿರುತ್ತದೆ. ಅದೆಲ್ಲಿದೆಯೆಂಬುದು ಕಾರಿನೊಡನೆ ಬಂದ ಕೈಪಿಡಿಯಲ್ಲಿದೆ. ಅಲಗಿನಿಂದ ತೆರೆದಾಗ ಕೆಲವು ಕಾರುಗಳು ಕಳ್ಳ ಬಂದನೆಂದು ಕೂಗಿಕೊಳ್ಳುವುದುಂಟು. ಚಿಪ್ಪಿನ ಗುರುತು ಸಿಕ್ಕಿ ಎಂಜಿನ್ ಚಾಲೂ ಆದೊಡನೆ ಆ ಕೂಗು ನಿಲ್ಲುತ್ತದೆ.

ತಪ್ಪು ಕೈಯದೋ, ಬೀಗದ್ದೋ?

ರಿಪೇರಿಗೆ ಕೈಹಾಕುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಕೆಲಸಮಾಡದಿರುವುದು ಎಲ್ಲ ಬಾಗಿಲುಗಳೋ, ಒಂದು ಮಾತ್ರವೋ? ಕಾರಿನ ಒಳಗಿರುವ ಬೀಗದ ಗುಂಡಿಯನ್ನು ಒತ್ತಿದರೆ ಬಾಗಿಲುಗಳು ಮಾತು ಕೇಳುತ್ತವೆಯೋ? ಮನೆಯಲ್ಲಿರುವ ಎರಡನೆಯ ರಿಮೋಟು ನಡೆಯುತ್ತದೆಯೋ?

ಎರಡನೆಯ ರಿಮೋಟು ನಡೆದರೆ ಕಾರು ನಿರ್ದೋಷಿ. ತಪ್ಪು ಮೊದಲ ರಿಮೋಟಿನದು. ಎರಡೂ ನಡೆಯದೆ, ಒಳಗಿನ ಗುಂಡಿ ಮಾತ್ರ ನಡೆದರೆ, ಸಂಕೇತವನ್ನು ಕೇಳುವ ಕಾರಿನ ಕಿವಿಗೆ ಏನೋ ಆಗಿದೆ, ಇಲ್ಲವೆ ಎರಡು ರಿಮೋಟುಗಳ ಸೆಲ್ಲೂ ಮುಗಿದಿದೆ. ಒಳಗಿನ ಗುಂಡಿಯೂ ಸೋತು ನಾಲ್ಕೂ ಬಾಗಿಲುಗಳು ಸುಮ್ಮನಿದ್ದರೆ ಫ್ಯೂಸನ್ನು ನೋಡಬೇಕು. ಒಳಗಿನ ದೀಪವೂ ಹತ್ತದಿದ್ದರೆ ಕಾರಿನ ದೊಡ್ಡ ಬ್ಯಾಟರಿಯೇ ಇಳಿದುಹೋಗಿದೆಯೆಂದು ತಿಳಿಯಬೇಕು. ಒಂದೇ ಒಂದು ಬಾಗಿಲು ಹಠ ಹಿಡಿದು ಉಳಿದ ಮೂರು ನಡೆದರೆ ರಿಮೋಟನ್ನು ಬೈಯುವುದು ಅನ್ಯಾಯ.

ಇನ್ನೆರಡು ಸಂದರ್ಭಗಳಲ್ಲಿ ಏನೂ ಕೆಟ್ಟಿರುವುದಿಲ್ಲ. ಎಂಜಿನ್ ಚಾಲೂ ಇರುವಾಗ ಅನೇಕ ಕಾರುಗಳು ರಿಮೋಟಿನ ಮಾತಿಗೆ ಕಿವಿಗೊಡುವುದಿಲ್ಲ. ಯಾವುದಾದರೊಂದು ಬಾಗಿಲೋ ಡಿಕ್ಕಿಯೋ ಸರಿಯಾಗಿ ಮುಚ್ಚದಿದ್ದರೆ, ಬೀಗ ಬಿದ್ದಂತೆ ಮಾಡಿ ಮರುಕ್ಷಣವೇ ತೆರೆದುಕೊಳ್ಳುವುದೂ ಉಂಟು.

ರಿಮೋಟಿನ ಕಾಯಿಲೆಗಳು

ಹತ್ತು ಹೆಜ್ಜೆ ದೂರದಿಂದ ನಡೆಯುತ್ತಿದ್ದುದು ಈಗ ಎರಡು ಹೆಜ್ಜೆಗೆ ಬರಬೇಕಾಗಿದ್ದರೆ ಸೆಲ್ಲು ಬಳಲಿದೆಯೆಂದೇ ಅರ್ಥ. ಬಹಳಷ್ಟು ರಿಮೋಟುಗಳಲ್ಲಿರುವುದು ಸಿಆರ್ 2032 ಎಂಬ 3 ವೋಲ್ಟಿನ ಬಿಲ್ಲೆ. ಆ ಸಂಖ್ಯೆಯಲ್ಲೇ ಅದರ ಅಳತೆ ಅಡಗಿದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 2025 ಎಂಬುದು 2.5 ಮಿಲಿಮೀಟರ್ ದಪ್ಪದ್ದು. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಸಡಿಲವಾಗಿ ಕೂರುತ್ತದೆ, ಇಲ್ಲವೆ ಬಿಗಿಯಾಗುತ್ತದೆ. ಬಳಲಿದ ಸೆಲ್ಲನ್ನು ಮೀಟರಿನಲ್ಲಿ ಅಳೆದರೆ ಕೆಲವೊಮ್ಮೆ 3 ವೋಲ್ಟಿಗೆ ಹತ್ತಿರವೇ ತೋರಿಸುತ್ತದೆ. ಕೆಲಸಕ್ಕೆ ಕರೆದಾಗ ಕುಸಿಯುತ್ತದೆ. ಅಂತೂ ಹೊಸದೊಂದನ್ನು ಹಾಕಿ ನೋಡುವುದೇ ನಿಜವಾದ ಪರೀಕ್ಷೆ. ಕೂಡು ಗುರುತು ಯಾವ ಕಡೆಗಿತ್ತೆಂಬುದನ್ನು ಹಳೆಯದನ್ನು ತೆಗೆಯುವಾಗಲೇ ಗಮನಿಸಬೇಕು.

ಹೊಸ ಸೆಲ್ಲಿಗೂ ಜಗ್ಗದಿದ್ದರೆ ಸೆಲ್ಲನ್ನು ಹಿಡಿಯುವ ಲೋಹದ ನಾಲಗೆಗಳನ್ನು ನೋಡಬೇಕು. ಮಳೆಗಾಲದ ತೇವಕ್ಕೆ ಅಲ್ಲಿ ಕಿಲುಬು ಹಿಡಿದಿರಬಹುದು. ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಹತ್ತಿಯಿಂದ ಮೃದುವಾಗಿ ಒರೆಸಿದರೆ ಅದು ಹೋಗುತ್ತದೆ. ಷರಾಯಿಯ ಜೇಬಿನಲ್ಲಿ ಸೇರಿ ಒಗೆತ ಕಂಡ ರಿಮೋಟಿನಿಂದ ತಕ್ಷಣ ಸೆಲ್ಲನ್ನು ತೆಗೆದು, ನೆರಳಿನಲ್ಲಿ ಒಂದೆರಡು ದಿನ ಒಣಗಿಸಿ, ಬಳಿಕ ಹೊಸ ಸೆಲ್ಲು ಹಾಕಬೇಕು.

ಮತ್ತೊಂದು ವಿಚಿತ್ರ ತೊಂದರೆಯುಂಟು. ರಿಮೋಟು ಪ್ರತಿ ಸಲವೂ ಹೊಸ ಸಂಖ್ಯೆಯನ್ನು ಉಚ್ಚರಿಸುತ್ತದೆ. ಕಳ್ಳನೊಬ್ಬ ಗಾಳಿಯಿಂದ ಹಿಡಿದಿಟ್ಟ ಹಳೆಯ ಸಂಖ್ಯೆ ಬಾಗಿಲನ್ನು ತೆರೆಯಬಾರದೆಂಬುದೇ ಇದರ ಉದ್ದೇಶ. ಈ ಬಗೆಯ ವ್ಯವಸ್ಥೆಗಳಲ್ಲಿ ಪ್ರಸಿದ್ಧವಾದ ಕೀಲಾಕ್ ಎಂಬುದು 1980ರ ದಶಕದಲ್ಲಿ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿತು. ಮಗು ರಿಮೋಟನ್ನು ಆಟಿಕೆ ಮಾಡಿಕೊಂಡು ಕಾರಿನಿಂದ ದೂರದಲ್ಲಿ ಮತ್ತೆ ಮತ್ತೆ ಒತ್ತಿದರೆ ರಿಮೋಟಿನ ಲೆಕ್ಕ ಮುಂದೆ ಓಡಿ, ಕಾರಿನ ಲೆಕ್ಕ ಹಿಂದೆ ಉಳಿಯುತ್ತದೆ. ಕೀಲಾಕ್‌ನಲ್ಲಿ ಸಾಮಾನ್ಯವಾಗಿ 16 ಸಂಖ್ಯೆಗಳ ವ್ಯತ್ಯಾಸವನ್ನು ಕಾರು ತಾನೇ ಕ್ಷಮಿಸುತ್ತದೆ. ಅದಕ್ಕೂ ಮಿಕ್ಕಿದರೆ ಕಾರಿನ ಹತ್ತಿರ ನಿಂತು ಎರಡು ಸಲ ಬೆನ್ನುಬೆನ್ನಿಗೆ ಒತ್ತಿದಾಗ ಲೆಕ್ಕ ಮತ್ತೆ ಕೂಡಿಕೊಳ್ಳುತ್ತದೆ. ಕೆಲವು ಕಾರುಗಳಿಗೆ ಬೇರೆ ಕ್ರಮವುಂಟು. ಅದಕ್ಕೂ ಕೈಪಿಡಿಯೇ ಗತಿ.

ಬಾಗಿಲಿನ ಕಾಯಿಲೆಗಳು

ಪ್ರತಿಯೊಂದು ಬಾಗಿಲಿನ ಒಡಲಲ್ಲೂ 12 ವೋಲ್ಟಿನ ಪುಟ್ಟ ಮೋಟರು, ಅದಕ್ಕೆ ಹಲ್ಲುಚಕ್ರಗಳು ಇರುತ್ತವೆ. ಅದು ತಿರುಗಿದಾಗ ಚಿಲಕ ಸರಿಯುತ್ತದೆ. ಹಠ ಹಿಡಿದ ಬಾಗಿಲಿಗೆ ಕಿವಿಗೊಟ್ಟು ಗುಂಡಿ ಒತ್ತಿಸಬೇಕು. ಒಳಗೆ ಗುರ್ರೆಂಬ ಸದ್ದಾಗಿ ಚಿಲಕ ಮಾತ್ರ ಅಲುಗದಿದ್ದರೆ ಹಲ್ಲುಚಕ್ರ ಸವೆದಿದೆ, ಇಲ್ಲವೆ ಕಂಬಿ ಕಳಚಿದೆ. ಸದ್ದೇ ಇಲ್ಲದಿದ್ದರೆ ಮೋಟರು ಸುಟ್ಟಿರಬಹುದು ಅಥವಾ ತಂತಿ ತುಂಡಾಗಿರಬಹುದು. ಬಾಗಿಲಿಗೂ ಕಾರಿನ ಮೈಗೂ ನಡುವೆ ರಬ್ಬರ್ ಕೊಳವೆಯೊಂದರಲ್ಲಿ ತಂತಿಗಳು ಹಾಯುತ್ತವೆ. ಸಾವಿರಾರು ಸಲ ಬಾಗಿಲು ತೆರೆದು ಮುಚ್ಚಿದಾಗ ಅವು ಬಾಗಿ ಬಾಗಿ ಮುರಿಯುತ್ತವೆ. ಬಾಗಿಲನ್ನು ಬೇರೆ ಬೇರೆ ಕೋನಗಳಲ್ಲಿ ನಿಲ್ಲಿಸಿ ಗುಂಡಿ ಒತ್ತಿದಾಗ ಒಂದು ಕಡೆ ನಡೆದು ಇನ್ನೊಂದು ಕಡೆ ನಿಂತರೆ ರೋಗ ಅಲ್ಲಿಯೇ ಇದೆ. ಈ ವಿವರವನ್ನು ಹೇಳಿದರೆ ಮೆಕ್ಯಾನಿಕ್ಕಿನ ಹುಡುಕಾಟವೂ ತಗ್ಗುತ್ತದೆ, ಬಿಲ್ಲೂ ತಗ್ಗುತ್ತದೆ.

ಹಣಕ್ಕಿಂತ ದೊಡ್ಡ ಮಾತು

ಇಲ್ಲಿಯವರೆಗಿನದು ಖರ್ಚಿನ ವಿಷಯ. ಮುಂದಿನದು ಪ್ರಾಣದ ವಿಷಯ. ಕಾರಿನ ಬೀಗ ಹೊರಗಿನವರನ್ನು ಹೊರಗಿಡುವಂತೆ ಒಳಗಿನ ಮಗುವನ್ನು ಒಳಗೇ ಇಟ್ಟುಬಿಡಬಲ್ಲದು. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರುವುದೆಂದು ಕಂಡಿತು. ಈ ಏರಿಕೆಯ ಶೇಕಡ 80ರಷ್ಟು ಮೊದಲ 30 ನಿಮಿಷಗಳಲ್ಲೇ ಆಗುತ್ತದೆ. ಕಿಟಕಿಯನ್ನು ಸ್ವಲ್ಪ ಇಳಿಸಿಡುವುದರಿಂದ ಪ್ರಯೋಜನವೂ ಆಗದು. ಎಳೆಯರ ಮೈ ದೊಡ್ಡವರದಕ್ಕಿಂತ ಬಹುಬೇಗ ಕಾಯುತ್ತದೆ.

ಆದುದರಿಂದ ಮಗು ಒಳಗೆ ಸಿಕ್ಕಿಕೊಂಡು ರಿಮೋಟು ಮುಷ್ಕರ ಹೂಡಿದರೆ ಸೆಲ್ಲು ಹುಡುಕುತ್ತ ನಿಲ್ಲಬಾರದು. ಲೋಹದ ಅಲಗು ಕೈಗೆಟುಕದಿದ್ದರೆ ಮಗುವಿನಿಂದ ದೂರದಲ್ಲಿರುವ ಪಕ್ಕದ ಕಿಟಕಿಯ ಗಾಜನ್ನು ಮೂಲೆಯಲ್ಲಿ ಹೊಡೆದು ಒಡೆಯಬೇಕು, 112ಕ್ಕೆ ಕರೆಮಾಡಬೇಕು. ಮುಂದಿನ ದೊಡ್ಡ ಗಾಜು ಪದರಗಳದ್ದು, ಸುಲಭವಾಗಿ ಒಡೆಯದು. ತಿಳಿವಳಿಕೆ ಬಂದ ಮಕ್ಕಳಿಗೆ ಮುಂದಿನ ಸೀಟಿಗೆ ಬಂದು ಒಳಗಿನ ಹಿಡಿಯನ್ನು ಎಳೆಯುವುದನ್ನೂ ಹಾರನ್ ಒತ್ತುವುದನ್ನೂ ಮೊದಲೇ ಕಲಿಸಿಡಬೇಕು. ಹಿಂದಿನ ಬಾಗಿಲುಗಳ ಮಕ್ಕಳ ಬೀಗ ಹಾಕಿದ್ದರೆ ಅವು ಒಳಗಿನಿಂದ ತೆರೆಯಲಾರವು.

ಬದಲಿಸಿದ ಹಳೆಯ ಬಿಲ್ಲೆಯೂ ಅಪಾಯಕಾರಿಯೇ. ಮಗು ಅದನ್ನು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿ ಎರಡೇ ಗಂಟೆಗಳಲ್ಲಿ ಘೋರವಾಗಿ ಸುಡಬಲ್ಲದು. ವಾಂತಿ ಮಾಡಿಸುವ ಯತ್ನ ಸಲ್ಲದು. ಒಡನೆಯೇ ಆಸ್ಪತ್ರೆಗೆ ಒಯ್ಯಬೇಕು.

ಕಳ್ಳರ ಮಾತೂ ಒಂದಿಷ್ಟು ಉಳಿದಿದೆ. ಜೇಬಿನಲ್ಲಿದ್ದರೇ ಸಾಕು ಬಾಗಿಲು ತೆರೆಯುವ ರಿಮೋಟುಗಳ ಸಂಕೇತವನ್ನು, ಒಬ್ಬ ಮನೆಯ ಬಾಗಿಲಲ್ಲಿಯೂ ಇನ್ನೊಬ್ಬ ಕಾರಿನ ಬಳಿಯೂ ನಿಂತು ದಾಟಿಸಬಹುದೆಂಬುದನ್ನು 2011ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಪ್ರಯೋಗದಿಂದ ತೋರಿಸಿಕೊಟ್ಟರು. ರಾತ್ರಿ ಅಂಥ ರಿಮೋಟನ್ನು ಬಿಗಿಮುಚ್ಚಳದ ಲೋಹದ ಡಬ್ಬಿಯಲ್ಲಿಡುವುದು ಅಗ್ಗದ ಕಾವಲು. ರಿಮೋಟು ಕಳೆದಿದ್ದರೆ, ಹಳೆಯ ಕಾರನ್ನು ಕೊಂಡಿದ್ದರೆ, ಕೈಯಲ್ಲಿಲ್ಲದ ರಿಮೋಟುಗಳ ಗುರುತನ್ನು ಕಾರಿನ ನೆನಪಿನಿಂದ ಅಳಿಸಿಹಾಕಿಸಬೇಕು.

ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆ ಫಲವೇನು? ಲೋಹದ ಅಲಗು ಎಲ್ಲಿ ಅಡಗಿದೆ, ಅದರ ತೂತು ಯಾವ ಬಾಗಿಲಲ್ಲಿದೆ ಎಂಬುದನ್ನು ಕಾರುಳ್ಳ ಪ್ರತಿಯೊಂದು ಮನೆಯವರೂ ಇಂದೇ ನೋಡಿಡುವುದು ಲೇಸು. ಕೆಲವು ಕಾರುಗಳಲ್ಲಿ ಆ ತೂತು ಹಿಡಿಯ ಬಳಿಯ ಮುಚ್ಚಳದ ಕೆಳಗೆ ಮರೆಯಾಗಿರುತ್ತದೆ. ವರ್ಷಗಟ್ಟಲೆ ಬಳಸದೆ ಬಿಗಿದುಕೊಂಡಿರುವುದೂ ಉಂಟು. ಬಿಡುವಿನ ದಿನ ಮನೆಯವರೆಲ್ಲರೂ ಒಂದೊಂದು ಸಲ ಆ ಅಲಗಿನಿಂದಲೇ ಬಾಗಿಲು ತೆರೆದು ನೋಡಲಿ. ಐದು ನಿಮಿಷದ ಕೆಲಸ. ಕೈಗೆ ಆ ದಾರಿ ತಿಳಿದಿದ್ದರೆ ರಿಮೋಟು ಕೈಕೊಟ್ಟ ದಿನ ಬೀದಿಯಲ್ಲಿ ನಿಲ್ಲುವ ಪ್ರಸಂಗ ಬಾರದು.